ಕೋಡಿಯ ಕೆಳಗಿನ ಮನೆ

"ಯಾರ್ರೀ ಅದು? ಅಲ್ಲೇನ್ ಮಾಡ್ತಿದೀರ?"

ಕದಿರಮ್ಮನ ದನಿಗೆ ಆ ಯುವಕ ಬೆಚ್ಚಿ ತಲೆಯೆತ್ತಿದ. ಅವರ ಹೊಸ ಮನೆಯ ಹಿಂದಿನ ಹುಣಸೆಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ತೊಗಟೆಗೆ ಅಂಟಿದ್ದ ಒಣಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ಪಕ್ಕದಲ್ಲಿ ಸೈಕಲ್ಲು ಮಲಗಿತ್ತು.

"ಬಂಗಾರಪೇಟೆಯಿಂದ ಬಂದಿದೀನಿ. ಇನ್ಶೂರೆನ್ಸ್ ಏಜೆಂಟು. ಕೋದಂಡಪ್ಪ ಅಂತ. ನಿಮ್ಮ ತಂದೆ ಬರೋಕೆ ಏಳಿದ್ರು."

"ಇನ್ಸೂರೆನ್ಸು ಮನೆಗೋ, ಮರಕ್ಕೋ?"

ಅವನಿಗೆ ನಗು ಬಂತು. ಆದರೆ ಮರುಗಳಿಗೆಯೇ ಮುಖ ಗಂಭೀರವಾಯಿತು. ದೂರದ ಕೆರೆ ಏರಿಯನ್ನೂ, ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗಲೆಂದು ಏರಿಯ ತುದಿಯಲ್ಲಿ ಕಟ್ಟಿದ್ದ ಕೋಡಿಯನ್ನೂ ಒಮ್ಮೆ ನೋಡಿದ.

"ಕೋಡಿ ಬಿದ್ರೆ ನೀರು ಯಾವ ಕಡೆ ಓಗ್ತದೆ?"

"ನಂಗೇನು ಗೊತ್ತು? ನಾನು ಚಿನ್ನದ ಗಣಿ ಊರು ಉರಿಗಾಮಲ್ಲಿ ಬೆಳೆದೋಳು. ಈ ಊರಿಗೆ ಬಂದಿದ್ದು ಮೊನ್ನೆ ಯುಗಾದಿಗೆ."

ಅಷ್ಟರಲ್ಲಿ ಅಪ್ಪ ಮುನಿಸ್ವಾಮಪ್ಪ ಕೆಮ್ಮುತ್ತಾ ಹೊರಗೆ ಬಂದ. "ಮಗಾ, ಮಜ್ಜಿಗೆ ತಗೊಂಬಾ ಓಗು" ಎಂದು ಅವಳನ್ನು ಒಳಗೆ ಕಳಿಸಿದ.

ಮಜ್ಜಿಗೆ ತರುವಾಗ ಗಂಡಸರಿಬ್ಬರೂ ತಗ್ಗಿದ ದನಿಯಲ್ಲಿ ಏನೋ ಮಾತಾಡುತ್ತಿದ್ದರು. ಅವಳನ್ನು ಕಂಡು ಇಬ್ಬರೂ ಸುಮ್ಮನಾದರು. ಲೋಟ ಕೊಡುವಾಗ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಅದರಲ್ಲಿ ಏನೋ ಕಳವಳ...

'ಯಾಕೆ ಹೀಗೆ ನೋಡ್ತಾನೆ ಇವನು?' ಎಂದುಕೊಂಡಳು ಕದಿರಮ್ಮ. ಆದರೂ ಆ ನೋಟ ಅವಳನ್ನು ಬಿಟ್ಟು ಹೋಗಲಿಲ್ಲ.

ಅದು ೧೯೬೨ರ ಬೇಸಿಗೆ. ಬೂದಿಕೋಟೆಯ ದಾರಿಯಲ್ಲಿದ್ದ ಆ ಹಳ್ಳಿಯಲ್ಲಿ ಹೆಂಚು ಹೊದಿಸಿದ ಹೊಸ ಮನೆಯೆಂದರೆ ಮುನಿಸ್ವಾಮಪ್ಪನದೇ. ಇಡೀ ಪ್ರಾಯವನ್ನು ಚಿನ್ನದ ಗಣಿಯ ಕತ್ತಲಲ್ಲಿ ಕಳೆದು, ಎದೆಗೆ ಧೂಳು ತುಂಬಿಸಿಕೊಂಡು ಮೇಲೆ ಬಂದವನು ಅವನು. ಗಣಿ ಕೂಲಿಗಳ ಸಾಲುಮನೆಗಳಲ್ಲಿ ಒಂದಾದ ತಗಡಿನ ಲೈನುಮನೆಯಲ್ಲಿ ಬೆಂದ ಹೆಂಡತಿ ಅಮ್ಮಾಜಮ್ಮನಿಗೆ ಒಂದು ಸ್ವಂತ ಅಂಗಳ ಕೊಡಬೇಕೆಂಬ ಒಂದೇ ಆಸೆ ಅವನದು.

ಕೋದಂಡಪ್ಪ ಮತ್ತೆ ಬಂದ. ಮೊದಲು ಪಾಲಿಸಿ ಕೊಡುವ ನೆಪ. ಆಮೇಲೆ ಈ ಕಡೆ ಕೆಲಸವಿತ್ತು ಅನ್ನುವ ನೆಪ. ಆಮೇಲೆ ನೆಪವೂ ಬೇಕಾಗಲಿಲ್ಲ.

"ನಿಮ್ಗೆ ಈ ಊರಲ್ಲಿ ಅದೇನು ಅಷ್ಟು ಕೆಲ್ಸ?" ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು.

"ನಿಮ್ಮನೆ ನೆಟ್ಗಿದೆಯಾ ಅಂತ ನೋಡೋ ಕೆಲ್ಸ" ಎಂದ ಅವನು.

ತಮಾಷೆ ಎಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ.

ಮನೆಗೆ ವಿಮೆಯಾಗಿದೆ ಎಂದು ಅಮ್ಮಾಜಮ್ಮ ನೀರು ಸೇದುವಲ್ಲೆಲ್ಲ ಹೇಳಿಕೊಂಡು ಓಡಾಡಿದಳು. "ಇನ್ನೇನೂ ಭಯ ಇಲ್ಲ. ಏನಾದ್ರೂ ಆದ್ರೆ ಕಂಪನಿಯೋರು ಕಟ್ಕೊಡ್ತಾರೆ" ಎನ್ನುತ್ತಿದ್ದಳು. ಆ ಮಾತು ಬಂದಾಗೆಲ್ಲ ಮುನಿಸ್ವಾಮಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಶ್ರಾವಣದಲ್ಲಿ ಅವರಿಬ್ಬರ ಮದುವೆಗೆ ತಾಂಬೂಲ ಬದಲಾಯಿಸಿದರು. ಕಾರ್ತಿಕಕ್ಕೆ ಮದುವೆ ಎಂದು ಗೊತ್ತಾಯಿತು.

ಆಶ್ವಯುಜದಲ್ಲಿ ಮಳೆ ಹಿಡಿಯಿತು. ಬಿಡುವೇ ಇಲ್ಲದ ಮಳೆ. ಒಂದು ದಿನ ಬೆಳಗಿನ ಜಾವ ಕೆರೆ ತುಂಬಿ ಕೋಡಿ ಬಿತ್ತು. ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಆ ದಾರಿ ಮುನಿಸ್ವಾಮಪ್ಪನ ಅಂಗಳದ ಮೇಲೇ ಇತ್ತು.

ಮೊಣಕಾಲುದ್ದ ನೀರಿನಲ್ಲಿ ಕದಿರಮ್ಮ ಅಪ್ಪನನ್ನು ಎಳೆದುಕೊಂಡು ದಿನ್ನೆಗೆ ಹತ್ತಿಸಿದಳು. ತಿರುಗಿ ನೋಡಿದರೆ ಅಮ್ಮ ಹಿಂದೆ ಇರಲಿಲ್ಲ.

"ಅಮ್ಮಾ..."

ಹಿತ್ತಲಲ್ಲಿ ಕಟ್ಟಿದ್ದ ಹಸುವನ್ನು ಬಿಚ್ಚಲು ಅಮ್ಮಾಜಮ್ಮ ವಾಪಸ್ಸು ಹೋಗಿದ್ದಳು. ನೆನೆದ ಮಣ್ಣಿನ ಗೋಡೆ ಅವಳ ಮೇಲೆಯೇ ಕುಸಿದುಬಿತ್ತು.

ಹಸು ನೀರು ದಾಟಿಕೊಂಡು ದಿನ್ನೆ ಸೇರಿತು. ಅಮ್ಮ ಬರಲಿಲ್ಲ.

ತಿಥಿ ಮುಗಿದ ಮೇಲೆ ಕಂಪನಿಯ ಅಧಿಕಾರಿ ಜೀಪಿನಲ್ಲಿ ಬಂದ. ಗೋಡೆ ಇದ್ದ ಜಾಗದ ಸುತ್ತ ನಡೆದ. ಆಮೇಲೆ ಮೃದುವಾಗಿಯೇ ಹೇಳಿದ: "ನೋಡಿ, ಇದು ಬೆಂಕಿಗೆ ಮಾಡಿಸಿದ ವಿಮೆ. ಪ್ರವಾಹ ಇದರಲ್ಲಿ ಬರೋದಿಲ್ಲ. ಅದನ್ನ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕಿತ್ತು. ನೀವು ಸೇರಿಸಿಲ್ಲ."

ಕದಿರಮ್ಮನಿಗೆ ಕಾಲಡಿಯ ನೆಲ ಮತ್ತೊಮ್ಮೆ ಜಾರಿದಂತಾಯಿತು. ಅಧಿಕಾರಿಯ ಹಿಂದೆ ಕೋದಂಡಪ್ಪ ತಲೆತಗ್ಗಿಸಿ ನಿಂತಿದ್ದ.

"ನೀವ್ಯಾಕೆ ಏಳ್ಲಿಲ್ಲ?"

ಅವನು ತಲೆಯೆತ್ತಿದ. ಆದರೆ ನೋಡಿದ್ದು ಅವಳನ್ನಲ್ಲ, ಮುನಿಸ್ವಾಮಪ್ಪನನ್ನು. ಮುದುಕ ನೆಲ ನೋಡುತ್ತಿದ್ದ.

"ನಿಮ್ಮನ್ನೇ ಕೇಳ್ತಿರೋದು. ಇದು ನೀರಿನ ದಾರಿ ಅಂತ ನಿಮ್ಗೆ ಅವತ್ತೇ ಗೊತ್ತಿತ್ತು ಅಲ್ವಾ? ಮರಕ್ಕೆ ಅಂಟಿದ್ದ ಹಳೇ ನೀರಿನ ಮಣ್ಣು ಕೆರೀತಾ ಕೂತಿದ್ರಲ್ಲ..."

"ಗೊತ್ತಿತ್ತು."

"ಗೊತ್ತಿದ್ದೂ ಬೆಂಕಿ ವಿಮೆ ಕೊಟ್ರಾ?"

ಅವನು ಮತ್ತೊಮ್ಮೆ ಮುದುಕನ ಕಡೆ ನೋಡಿದ. ಆಮೇಲೆ, "ತಪ್ಪು ನಂದೇ" ಎಂದ.

"ನಮ್ಮಮ್ಮ ನಿಮ್ಮನ್ನ ನಂಬ್ಕೊಂಡು ನಿದ್ದೆ ಮಾಡ್ತಿದ್ಲು. ಇನ್ಮೇಲೆ ನಮ್ಮ ಕಣ್ಣಿಗೆ ಬೀಳ್ಬೇಡಿ."

ಅವನು ಸೈಕಲ್ಲು ತಳ್ಳಿಕೊಂಡು ಹೋದ. ತನ್ನ ಪರವಾಗಿ ಒಂದು ಮಾತನ್ನಾದರೂ ಆಡಬಾರದಿತ್ತೇ ಎಂದು ಅವಳ ಮನಸ್ಸಿನ ಯಾವುದೋ ಮೂಲೆ ಅಳುತ್ತಿತ್ತು.

ಅಪ್ಪ ಮಗಳು ಉರಿಗಾಮಿಗೆ ಮರಳಿದರು. ಯಾವ ಲೈನುಮನೆಯಿಂದ ತಪ್ಪಿಸಿಕೊಂಡು ಹೋಗಿದ್ದರೋ ಅಂಥದೇ ಒಂದು ಲೈನಿನಲ್ಲಿ, ನೆಂಟರ ಮನೆಯ ಒಂದು ಮೂಲೆ. ಕದಿರಮ್ಮ ದಿನಾ ರೈಲು ಹಿಡಿದು ಬಂಗಾರಪೇಟೆಗೆ ಹೋಗಿ ಮಂಡಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿದರೆ ಅವಳ ಕೈ ನಿಲ್ಲುತ್ತಿತ್ತು. ನಿಂತದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟು ಬರುತ್ತಿತ್ತು.

'ಅಮ್ಮನನ್ನ ಕೊಂದವನಿಗಾಗಿ ಇನ್ನೂ ಕಾಯ್ತಿದೀಯಾ?'

ಮಳೆಗಾಲ ಮತ್ತೆ ಬಂತು. ತಗಡಿನ ಮೇಲೆ ಹನಿ ಬಿದ್ದರೆ ಸಾಕು, ಮುನಿಸ್ವಾಮಪ್ಪ ಗೋಡೆಗೊರಗಿ ಮುದುಡಿಕೊಳ್ಳುತ್ತಿದ್ದ.

ಒಂದು ಸಂಜೆ ಮಂಡಿಯಿಂದ ಬಂದವಳೇ ಅವಳು ಕಹಿಯಾಗಿ ನಕ್ಕಳು. "ಕೇಳ್ದಾ ಅಪ್ಪ? ಆ ಕೋದಂಡಪ್ಪ ಈಗ ಕೆರೆ ಕೆಳಗಿನ ಊರೂರು ಸುತ್ತಿ, ನೀರು ಬರ್ತದೆ, ದಿನ್ನೆಗೆ ಓಗಿ, ಬರೀ ಬೆಂಕಿಗೆ ವಿಮೆ ಮಾಡಿಸ್ಬೇಡಿ, ನೀರಿಗೂ ಕೇಳಿ ಮಾಡಿಸ್ಕೊಳ್ಳಿ ಅಂತ ಏಳ್ತಾ ತಿರುಗ್ತವ್ನಂತೆ. ಅಮ್ಮನ್ನ ನುಂಗಿದ್ಮೇಲೆ ಬುದ್ಧಿ ಬಂತು."

"ಅಂಗನ್ಬೇಡ ಮಗಾ."

"ಮತ್ತೆ ಎಂಗನ್ಲಿ?"

"ಅವ್ನು ಅವತ್ತೇ ಏಳಿದ್ದ."

ಕದಿರಮ್ಮ ನಿಂತಲ್ಲೇ ನಿಂತಳು.

"ನೀನು ಮಜ್ಜಿಗೆಗೆ ಓಗಿದ್ದಾಗ ಏಳ್ದ. ಇದು ಕೋಡಿ ನೀರಿನ ದಾರಿ, ಕೆರೆ ತುಂಬ್ತಾ ಬಂದ್ರೆ ಮನೆ ಬಿಟ್ಬಿಡಿ, ನೀರಿಗೂ ಸೇರಿಸಿ ವಿಮೆ ಮಾಡಿಸಿ ಅಂದ. ಆಮೇಲೂ ಬಂದಾಗೆಲ್ಲ ಕೈ ಮುಗ್ದು ಏಳ್ದ. ನಾನೇ ಬೇಡ ಅಂದೆ... ಅಮ್ಮಾಜಿ ಆ ಅಂಗಳದಾಗೆ ನಗ್ತಿದ್ಲು ಮಗಾ. ನಾನು ಕಟ್ಟಿದ್ದು ನೀರಿನ ದಾರೀಲಿ ಅಂತ ಅವಳ್ಗೆ ಎಂಗೆ ಏಳ್ಲಿ? ನನ್ನ ಎಂಡ್ತಿ ಮಗಳ ಮುಂದೆ ಈ ಮಾತೆತ್ತಿದ್ರೆ ನನ್ನ ಮನೆ ಮೆಟ್ಲು ಅತ್ಬೇಡ ಅಂದ್ಬಿಟ್ಟೆ."

"ಅಂಗಾದ್ರೆ... ತಪ್ಪು ನಂದೇ ಅಂತ ಯಾಕಂದ್ರು?"

"ನನ್ನ ಉಳಿಸೋಕೆ. ನಾನು ಬಾಯಿ ಬಿಡ್ತೀನೇನೋ ಅಂತ ನನ್ನೇ ನೋಡ್ದ. ನಾನು ಬಿಡ್ಲಿಲ್ಲ."

ಆ ರಾತ್ರಿ ಅವಳು ಮುದ್ದೆ ಮಾಡಿ ತಟ್ಟೆಯನ್ನು ಅಪ್ಪನ ಮುಂದಿಟ್ಟಳು. ಅವನು ಮುಟ್ಟಲಿಲ್ಲ. ಕ್ಷಮಿಸುವ ಶಕ್ತಿ ಅವಳಲ್ಲಿರಲಿಲ್ಲ, ಬಿಟ್ಟುಹೋಗುವ ಶಕ್ತಿಯೂ ಇರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಿದರೂ ಅಮ್ಮ ಬರುವುದಿಲ್ಲವಲ್ಲ...

ಮರುದಿನ ಮಂಡಿಯಲ್ಲಿ ಅವನಿರುವ ಊರು ಕೇಳಿಕೊಂಡು, ಮಧ್ಯಾಹ್ನ ಬೂದಿಕೋಟೆಯ ಬಸ್ಸಿನಿಂದ ತಮ್ಮ ಹಳೆಯ ಹಳ್ಳಿಯಲ್ಲಿ ಅವಳು ಒಬ್ಬಳೇ ಇಳಿದಳು. ಸಣ್ಣಗೆ ಮಳೆ ಹನಿಯುತ್ತಿತ್ತು. ಅವರ ಮನೆ ಇದ್ದ ಜಾಗದಲ್ಲಿ ಜೊಂಡು ಬೆಳೆದಿತ್ತು. ಕೋದಂಡಪ್ಪ ಯಾರದೋ ಮನೆಯ ಪಾತ್ರೆಗಳ ಮೂಟೆಯನ್ನು ದಿನ್ನೆಗೆ ಹೊತ್ತು ಹಾಕುತ್ತಿದ್ದ. ಅವನು ಬಡಕಲಾಗಿದ್ದ. ಅವಳನ್ನು ಕಂಡು ಮೂಟೆ ಇಳಿಸಿದ.

"ಅಪ್ಪ ಎಲ್ಲಾ ಏಳಿದ್ರು" ಎಂದಳು ಕದಿರಮ್ಮ.

ಅವನು ಕಣ್ಣು ಮುಚ್ಚಿದ. "ಏಳ್ಬಾರದಿತ್ತು. ನಿಮ್ಗೆ ಉಳಿದಿರೋದು ಅವ್ರೊಬ್ರೇ."

"ನಿಮ್ಮನ್ನ ನಾನು ಅಷ್ಟು ಅಂದೆ... ಒಂದು ಮಾತು ಆಡ್ಲಿಲ್ವಲ್ಲ?"

"ಆಡಿದ್ರೆ ಅವತ್ತೇ ನಿಮ್ಗೆ ಅಪ್ಪನೂ ಇಲ್ದಂಗಾಗೋದು. ಅಲ್ದೆ ನಂದೂ ತಪ್ಪೇ ಕಣ್ರೀ. ಅವ್ರು ಬಾಯಿ ಮುಚ್ಚು ಅಂದಾಗ ಮುಚ್ದೆ. ನಿಮ್ಮನ್ನ ನೋಡೋಕೆ ಬರೋದು ನಿಂತೋಗ್ತದೆ ಅಂತ ಎದರ್ಕೊಂಡೆ. ಅಮ್ಮಾಜಮ್ಮೋರಿಗೆ ಒಂದು ಸಲ ಏಳಿದ್ರೆ..."

ಅವಳು ಹತ್ತಿರ ಹೋಗಿ ಅವನ ಒದ್ದೆ ಕೈ ಹಿಡಿದುಕೊಂಡಳು. ಇಬ್ಬರೂ ಬಹಳ ಹೊತ್ತು ಅತ್ತರು.

"ನನ್ನ ಮದ್ವೆ ಆಗ್ತೀರಾ?" ಕೊನೆಗೆ ಅವಳೇ ಕೇಳಿದಳು. "ಅಪ್ಪನೂ ಜೊತೇಲಿರ್ತಾರೆ. ಅವ್ರನ್ನ ನೋಡಿದ್ರೆ ನಂಗೆ ಸಿಟ್ಟು ಬರ್ತದೆ. ಆದ್ರೆ ಬಿಟ್ಟು ಬರಲ್ಲ."

"ಬಿಟ್ಟು ಬನ್ನಿ ಅಂತ ನಾನ್ಯಾವತ್ತೂ ಅನ್ನಲ್ಲ."

"ನಂಗೀಗ ಮನೆ ಅಂದ್ರೇನೇ ಭಯ."

"ನಂಗೂ."

"ಮಳೆ ಬಂದ್ರೆ ನಿದ್ದೆ ಬರಲ್ಲ."

"ಎದ್ದು ಕೂತಿರೋಣ ಬಿಡು" ಎಂದ ಅವನು. ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಅಪ್ಪನೂ ಎದ್ದಿರ್ತಾರೆ."

"ಅವ್ರೂ ಕೂತ್ಕೊಳ್ಳಲಿ. ಮಳೆ ನಿಲ್ಲೋವರ್ಗೂ ಮೂರು ಜನ್ವೂ ಕೂತಿರೋಣ."