ಪೋಕರ್ ಕೇಸಿನ ಸಾಕ್ಷಿ

ಚೂರಿಯ ತುದಿ ನನ್ನ ಪಕ್ಕೆಗೆ ಒತ್ತಿತು!

"ಆ ಹೆಂಗಸನ್ನು ಬಿಟ್ಟು ಹೋಗು..." ಬೆನ್ನ ಹಿಂದಿನವನು ಮಲಯಾಳಂನಲ್ಲಿ ಗುರುಗುಟ್ಟಿದ.

ವಲ್ಲಾರ್ಪಾಡಂ ಜೆಟ್ಟಿ. ಎರ್ನಾಕುಲಂ ಬೋಟು ಹೊರಡುವುದರಲ್ಲಿತ್ತು.

ಮೊಣಕೈ ಬೀಸಿದೆ. ಆಸಾಮಿ ಹಿನ್ನೀರಿಗೆ! ಅನಸೂಯಮ್ಮನ ಕೈ ಹಿಡಿದು ಬೋಟಿಗೆ ಹಾರಿದೆ.

ನಾನು ಉಪೇಂದ್ರ. ಕಾಸರಗೋಡಿನವನು. ವಕೀಲರಿಗೆ ಬೇಕಾದ ಸಾಕ್ಷಿಗಳನ್ನು ಜೀವಸಹಿತ ಕೋರ್ಟಿಗೆ ತಲುಪಿಸುವುದು ನನ್ನ ಕೆಲಸ. ಹೆಂಡತಿಯಿಲ್ಲ. ಮನೆಯಿಲ್ಲ. ಲಾಡ್ಜ್ ರೂಮು, ಹೋಟೆಲ್ ಊಟ.

ಅದು ೧೯೭೨. ತಿರುವನಂತಪುರದ ಪಟ್ಟಂನಲ್ಲಿ ಒಂದು ಕ್ಲಬ್ಬಿಗೆ ರೇಡ್ ಆಗಿತ್ತು. ಇಸ್ಪೀಟೆಲೆಯ ಪೋಕರ್ ಆಡುತ್ತಿದ್ದವರೆಲ್ಲ ಅರೆಸ್ಟ್! ಜೂಜು ಅಂದರು ಪೊಲೀಸರು. ಬುದ್ಧಿಯ ಆಟ ಅಂದಿತು ಕ್ಲಬ್ಬು. ಅದನ್ನು ಕೋರ್ಟಿನಲ್ಲಿ ಬಿಡಿಸಿ ಹೇಳಬಲ್ಲವರು ಅನಸೂಯಮ್ಮ ಒಬ್ಬರೇ.

ಮಂಗಳೂರು ಕಡೆಯವರು. ಫೋರ್ಟ್ ಕೊಚ್ಚಿಯ ಟೀ ಕಂಪನಿಯಲ್ಲಿ ಸ್ಟೆನೊ ಆಗಿದ್ದರು. ಸಂಜೆ ಆಟಕ್ಕೆ ಒಂದು ಕೈ ಕಡಿಮೆ ಬಿದ್ದಾಗ ಇಂಗ್ಲಿಷ್ ದೊರೆಗಳು ಕರೆದು ಕೂರಿಸಿದ್ದರು. ವರ್ಷಗಟ್ಟಲೆ ದೊರೆಗಳನ್ನೇ ಸೋಲಿಸಿದರು. ಆಮೇಲೆ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತಿದರು.

"ಈಗ ಯಾರೊಟ್ಟಿಗೆ ಆಡ್ತೀರಿ?" ತಿರುವನಂತಪುರಕ್ಕೆ ಹೊರಟ ಟ್ಯಾಕ್ಸಿಯಲ್ಲಿ ಕೇಳಿದೆ.

"ನನ್ನೊಟ್ಟಿಗೇ."

"ಗೆಲ್ಲುವುದು ಯಾರು?"

"ಯಾರೂ ಇಲ್ಲ ಮಾರಾಯ್ರೆ..."

ಅಷ್ಟರಲ್ಲಿ ಕನ್ನಡಿಯಲ್ಲಿ ಜೀಪು ಕಂಡಿತು. ದಿನಕರ! ಮಟ್ಟಾಂಚೇರಿಯಲ್ಲಿ ಅವನದೊಂದು ಕಳ್ಳ ಜೂಜಿನ ಅಡ್ಡೆ. ಜೆಟ್ಟಿಯ ಚೂರಿಯವನೂ ಅವನ ಆಳೇ. ಪೋಕರ್ ಕಾನೂನುಬದ್ಧವಾದರೆ ಅವನ ಅಡ್ಡೆಗೆ ನಾಯಿಯೂ ಬರುವುದಿಲ್ಲ.

ಆಲಪ್ಪುಳ... ಕೊಲ್ಲಂ... ಜೀಪು ಬಿಡಲೇ ಇಲ್ಲ. ತಿರುವನಂತಪುರದ ಅಂಚಿನ ಶ್ರೀಕಾರ್ಯಂನಲ್ಲಿ ಹಿಂದಿನಿಂದ ಗುದ್ದಿತು! ಟ್ಯಾಕ್ಸಿ ಚರಂಡಿಗೆ ಇಳಿಯಿತು.

ಎದ್ದು ಓಡಿದೆವು. ಹೊರಟಿದ್ದ ಸಿಟಿ ಬಸ್ಸು ಹತ್ತಿದೆವು.

ದಿನಕರನೂ ಹತ್ತಿದ! ನೇರ ಬಂದು ಆಕೆಯ ಪಕ್ಕದಲ್ಲೇ ಕೂತ. ಕೈ ಜೇಬಿನಲ್ಲಿ. ನಾನು ಎದ್ದರೆ ಮೊದಲು ಸಾಯುವುದು ಆಕೆ.

"ಇಳಿಯುವಾ ಅಕ್ಕ. ಗಲಾಟೆ ಬೇಡ."

ಅನಸೂಯಮ್ಮ ಸೆರಗು ಸರಿಮಾಡಿಕೊಂಡರು. "ಹಿಂದಿನ ಸೀಟಲ್ಲಿ ಇಬ್ಬರಿದ್ದಾರಲ್ಲ... ಮಫ್ತಿ ಪೊಲೀಸರು. ಬೆಳಗ್ಗಿಂದ ನಮ್ಮ ಕಾವಲಿಗೆ ಇದ್ದಾರೆ. ಕೈ ಹೊರಗೆ ತೆಗಿ, ನೋಡುವ."

ದಿನಕರ ತಿರುಗಿ ನೋಡಿದ. ದಪ್ಪ ಮೀಸೆಯವರಿಬ್ಬರು ಇವನನ್ನೇ ದಿಟ್ಟಿಸುತ್ತಿದ್ದರು!

ಉಳ್ಳೂರಿನಲ್ಲಿ ಇಳಿದು ಹೋದ.

ಬೆವರು ಒರೆಸಿಕೊಂಡೆ. "ವಕೀಲರು ನನಗೆ ಹೇಳಲೇ ಇಲ್ಲ! ಯಾವ ಸ್ಟೇಷನ್ನಿನವರು?"

"ನನಗೆಂತ ಗೊತ್ತು? ಕೈಯಲ್ಲಿ ಮರಗೆಣಸು ಉಂಟು. ಇಲ್ಲಿಯ ಗೆಡ್ಡೆ-ಗೆಣಸಿನ ಸಂಶೋಧನೆ ಆಫೀಸಿನವರಿರಬೇಕು."

ಮರುದಿನ ಕೋರ್ಟಿನಲ್ಲಿ ಸರ್ಕಾರಿ ವಕೀಲ ಗುಡುಗಿದ. "ಎಲೆ ಬರುವುದು ಅದೃಷ್ಟದಿಂದ. ಹೌದೋ ಅಲ್ಲವೋ?"

"ಹೌದು. ಆದರೆ ಕೆಟ್ಟ ಎಲೆ ಹಿಡಿದವರು ಒಳ್ಳೆ ಎಲೆಯವನನ್ನು ಎಬ್ಬಿಸಿ ಕಳಿಸುವುದುಂಟು. ಅದು ಅದೃಷ್ಟದಿಂದ ಆಗುವುದಿಲ್ಲ." ಆಮೇಲೆ ಬಸ್ಸಿನ ಕತೆ ಹೇಳಿದರು.

ಮ್ಯಾಜಿಸ್ಟ್ರೇಟರು ನಕ್ಕುಬಿಟ್ಟರು. ಸಂಜೆಯೊಳಗೆ ತೀರ್ಪು. ಬುದ್ಧಿಯ ಆಟ! ಎಲ್ಲರೂ ಖುಲಾಸೆ!

ವರಾಂಡದಲ್ಲಿ ಕ್ಲಬ್ಬಿನ ಸೆಕ್ರೆಟರಿ ಕೈಮುಗಿದ. ಅನಸೂಯಮ್ಮ ತಡೆದು ತಡೆದು ಕೇಳಿದರು. "ನಾನು... ಆಗಾಗ ಆಡಲಿಕ್ಕೆ ಬರಬಹುದಾ?"

ಅವನ ನಗೆ ಆರಿತು. "ನಿಮ್ಮ ಜೊತೆ ಯಾರು ಆಡ್ತಾರೆ ಮೇಡಂ? ಅದೃಷ್ಟದ ಆಟ ಅಲ್ಲ ಅಂತ ಕೋರ್ಟೇ ಹೇಳಿದೆಯಲ್ಲ!"

ಆಕೆ ತಲೆಯಾಡಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಚೀಲದ ಹಿಡಿಯನ್ನು ಮಾತ್ರ ಬೆರಳುಗಳು ಹಿಂಡುತ್ತಿದ್ದವು.

ವಾಪಸ್ ರೈಲಿನಲ್ಲಿ ಚೀಲದಿಂದ ಇಸ್ಪೀಟ್ ಕಟ್ಟು ತೆಗೆದು ಒಬ್ಬರೇ ಎಲೆ ಕಲಸುತ್ತ ಕೂತರು. ಕೊನೆಗೆ ನಾನೇ ಅಂದೆ. "ಎಲೆ ಹಾಕಿ. ನಾನು ಆಡ್ತೇನೆ."

"ಬೇಡ. ನಿಮ್ಮ ಮುಖದಲ್ಲಿ ಎಲ್ಲ ಕಾಣ್ತದೆ."

"ಎಂತ ಕಾಣ್ತದೆ?"

"ಒಬ್ಬರೇ ಇರುವವರು ಸೋಲಲಿಕ್ಕೆಂದೇ ಕೂತುಕೊಳ್ಳುತ್ತಾರೆ... ಮನೆಗೆ ಹೋಗಲಿಕ್ಕೆ ತಡವಾಗಲಿ ಅಂತ."

ಆದರೂ ಎಲೆ ಹಾಕಿದರು.

ಎರ್ನಾಕುಲಂ ಬರುವಷ್ಟರಲ್ಲಿ ನನ್ನ ವಾಚು, ಪೆನ್ನು, ಸಿಗರೇಟು, ಎಲ್ಲ ಆಕೆಯ ಚೀಲದಲ್ಲಿ!

ಕೋರ್ಟು ಹೇಳಿದ್ದು ಸರಿ. ಅದು ಜೂಜಲ್ಲ.