ಅವಳು ಸೇರಿಸಿ ಹೇಳಿದ ಕಾಲಿಂಚು

"ಬಟ್ಟೆ ಎಲ್ಲಿ?" ಎಂದು ಅವಳು ಕೇಳಿದಳು.

"ಬಟ್ಟೆ ಇಲ್ಲ. ತೋಳು ಮಾತ್ರ ಅಳೆದು ಹೇಳಿ," ಎಂದ ಅವನು.

ಮಹಡಿಯ ಮೇಲೆ ಜಿಮ್, ಕೆಳಗೆ ಅವಳ ಟೈಲರ್ ಅಂಗಡಿ. ಜಿಮ್ಮಿನ ಟೇಪು ಕಳೆದುಹೋಗಿತ್ತಂತೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಪರೀಕ್ಷೆಗೆ ಕೂತವನ ಗಾಂಭೀರ್ಯ. ಅವಳು ನಗು ತಡೆದುಕೊಂಡು ಟೇಪು ಸುತ್ತಿದಳು. ಹನ್ನೆರಡೂವರೆ ಇಂಚು.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬಂದು ತೋಳು ಮಡಿಸಿ ನಿಲ್ಲುತ್ತಿದ್ದ. ಅವಳು ಟೇಪು ಸುತ್ತುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಅವಳೂ ಹಿಡಿಯುತ್ತಿದ್ದಳು, ಕಾರಣ ಬೇರೆ.

"ಭಾನುವಾರ ಬಂದ್ರೆ ಸಾಕು, ಕಿವಿಗೆ ಹೊಸ ಓಲೆ ಬಂದುಬಿಡುತ್ತಪ್ಪ," ಎಂದು ಮಿಷನ್ ಹಿಂದಿನಿಂದ ಅತ್ತಿಗೆ ಕೆಣಕುತ್ತಿದ್ದಳು.

"ಸುಮ್ನೆ ಕಾಜಾ ಹೊಲೀರಿ ಅತ್ತಿಗೆ."

ಮೊಟ್ಟೆ, ಹಾಲು, ಎಂಟು ಗಂಟೆ ನಿದ್ದೆ, ಬರಬರುತ್ತ ಎತ್ತುವುದು ತುಸು ಹೆಚ್ಚು ತೂಕ. ಅವನದು ಅಷ್ಟೇ. ಎರಡು ವರ್ಷದಲ್ಲಿ ತೋಳು ಮುಕ್ಕಾಲು ಇಂಚು ಬೆಳೆದಿತ್ತು. ಹೊಲಿಗೆ ಬಲ್ಲವಳಿಗೆ ಮುಕ್ಕಾಲಿಂಚು ಎಷ್ಟು ದೊಡ್ಡದೆಂದು ಗೊತ್ತು. ಅವನಿಗೆ ಗೊತ್ತಾಗಲಿಲ್ಲ. ಫೋನು ತೆಗೆದು ಯಾರದೋ ಫೋಟೋ ತೋರಿಸಿದ.

"ನೋಡಿ, ಇವನು ಆರೇ ತಿಂಗಳಲ್ಲಿ ಹೀಗಾದ."

"ಎಣ್ಣೆ ಹಚ್ಚಿ ಆ ಲೈಟಲ್ಲಿ ನಿಲ್ಲಿಸಿದ್ರೆ ನಮ್ಮತ್ತಿಗೆನೂ ಹಾಗೇ ಕಾಣ್ತಾರೆ, ಪೈಲ್ವಾನ್ರೇ. ಅದೇನೇನು ಚುಚ್ಚಿಸ್ಕೊಂಡಿದಾನೋ!"

ಅವನು ನಗಲಿಲ್ಲ. "ಈ ಸಲವೂ ಅಷ್ಟೇ ಇದ್ರೆ ನಾನೂ ಇಂಜೆಕ್ಷನ್ ತಗೊಳ್ಳೋದೇ. ಜಿಮ್ಮಲ್ಲಿ ಒಬ್ಬ ತಂದುಕೊಡ್ತಾನೆ."

ಅಂಥ ಇಂಜೆಕ್ಷನ್ ತೆಗೆದುಕೊಂಡ ಗಿರಾಕಿಯೊಬ್ಬನ ಅಂಗಿಯನ್ನು ಅವಳು ಒಂದೇ ವರ್ಷದಲ್ಲಿ ಎರಡು ಸಲ ಬಿಚ್ಚಿ ಅಗಲ ಮಾಡಿದ್ದಳು. ಮೂರನೆಯ ಸಲ ಅದನ್ನು ತಂದದ್ದು ಅವನ ತಮ್ಮ: "ಅಣ್ಣಂದು, ಇನ್ನವನಿಗೆ ಬೇಡ. ನನ್ನ ಅಳತೆಗೆ ಚಿಕ್ಕದು ಮಾಡಿಕೊಡಿ."

ಟೇಪಿನಲ್ಲಿ ಹದಿಮೂರು ಕಾಲು. ಹೋದ ತಿಂಗಳೂ ಅಷ್ಟೇ.

"ಹದಿಮೂರೂವರೆ," ಎಂದಳು.

ಅವನ ಮುಖ ಅರಳಿತು. ಮೊದಲ ಸಲ ತೋಳು ಬಿಟ್ಟು ಅವಳನ್ನು ನೋಡಿದ. ಹಣೆಯನ್ನು, ಕಿವಿಯನ್ನು, ಕೆನ್ನೆಗೆ ಅಂಟಿದ್ದ ನೀಲಿ ನೂಲಿನ ಎಳೆಯನ್ನು. "ದಾರ," ಎನ್ನುತ್ತ ಎರಡು ಬೆರಳಲ್ಲಿ ಮೆಲ್ಲಗೆ ತೆಗೆದ.

ಮೊದಲ ಸುಳ್ಳು ಅವನನ್ನು ಉಳಿಸಲು. ಮುಂದಿನ ತಿಂಗಳಿನದು, ಅದರ ಮುಂದಿನದು, ಆ ನೋಟಕ್ಕಾಗಿ. ನಾಲ್ಕನೆಯ ತಿಂಗಳು "ಹದಿನಾಲ್ಕು" ಎಂದಳು.

ಆಮೇಲೆ ಎರಡು ತಿಂಗಳು ಅವನ ಸುಳಿವಿಲ್ಲ. ಬಂದಾಗ ಅಂಗಿಯ ತೋಳು ಬಿರಿಯುವಂತಿತ್ತು. ಮುಖ ಊದಿತ್ತು, ಕುತ್ತಿಗೆ ತುಂಬ ಕೆಂಪು ಗುಳ್ಳೆ.

"ನೀವು ಹದಿನಾಲ್ಕು ಅಂದ್ಮೇಲೆ ಜ್ವರ ಬಂದು ಒಂದು ವಾರ ಮಲಗಿದ್ದೆ," ಎಂದ. "ಎದ್ದು ಹೋದ್ರೆ ಜಿಮ್ಮಲ್ಲಿ ಹೊಸ ಟೇಪು. ಎಲ್ಲರ ಮುಂದೆ ಅಳೆದ್ರು. ಹದಿಮೂರೂವರೆ! ಒಂದು ವಾರಕ್ಕೆ ಅರ್ಧ ಇಂಚು ಕರಗೋಗೋ ಮೈ ನಂದು. ಅವತ್ತೇ ಚುಚ್ಚಿಸ್ಕೊಂಡೆ."

ಅವಳ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ.

"ಕರಗಿರಲಿಲ್ಲ," ಎಂದಳು ಅವಳು. "ನಾನೇ ಸೇರಿಸಿ ಹೇಳಿದ್ದೆ. ನೀವು ಸೂಜಿಗೆ ಹೋಗಬಾರದು ಅಂತ."

ಮಿಷನ್ ಸದ್ದು ನಿಂತಿತು.

"ಹಾಗಾದ್ರೆ ನಿಜವಾಗಿ ಎಷ್ಟು ಬೆಳೆದಿತ್ತು?"

"ನಾಲ್ಕು ತಿಂಗಳಿಗೆ ಕಾಲಿಂಚು. ಪೂರ್ತಿ ನಿಮ್ಮದೇ."

"ಅದನ್ನೇ ಹೇಳಬಹುದಿತ್ತಲ್ಲ ನೀವು," ಎಂದ, ಸಿಟ್ಟೇ ಇಲ್ಲದ ದನಿಯಲ್ಲಿ. "ಕಾಲಿಂಚಿಗೇ ಕುಣಿದಾಡಿಬಿಡ್ತಿದ್ದೆ."

"ಈಗ್ಲಾದ್ರೂ ಬಿಟ್ಬಿಡಿ."

"ಬಿಟ್ರೆ ಇಳಿಯುತ್ತೆ. ಅದನ್ನ ನೋಡೋ ಶಕ್ತಿ ನನಗಿಲ್ಲ."

"ನನಗೆ ಆ ಹದಿಮೂರು ಕಾಲೇ ಇಷ್ಟ ಇತ್ತು. ಹನ್ನೆರಡೂವರೆ ಇದ್ದಾಗ್ಲೂ..."

ಅವನು ಅವಳ ಕೈ ಹಿಡಿದುಕೊಂಡ. ಅಂಗೈ ಸುಡುತ್ತಿತ್ತು.

"ನೀವಂದ್ರೆ ನನಗೂ ಇಷ್ಟಾನೇ," ಎಂದ. "ನಾನೇ ನನಗೆ ಇಷ್ಟ ಇಲ್ವಲ್ಲ, ಏನು ಮಾಡ್ಲಿ ಹೇಳಿ?"

ಅವನು ಮೆಲ್ಲಗೆ ಕೈ ಬಿಟ್ಟ. ಗಿರಾಕಿಗಳಿಗೆಂದು ಬಾಗಿಲ ಪಕ್ಕ ಆಳೆತ್ತರದ ಕನ್ನಡಿಯಿತ್ತು. ಅದರ ಮುಂದೆ ನಿಂತ. ಹಿಂದೆ ಅಳುತ್ತ ನಿಂತವಳೂ ಅದರಲ್ಲಿ ಕಾಣುತ್ತಿದ್ದಳು. ಅವನು ತೋಳು ಮಡಿಸಿದ, ತಿರುಗಿಸಿ ನೋಡಿದ, ಸಾಲದು ಎಂಬಂತೆ ತಲೆಯಾಡಿಸಿ ಜಿಮ್ಮಿನ ಮೆಟ್ಟಿಲು ಹತ್ತಿದ.