ಬಣ್ಣ ಸಮೇತ ಬಂದ ಸ್ಟಿಕ್ಕರ್

ಕಿತ್ತ ಸ್ಟಿಕ್ಕರನ್ನು ಎರಡೂ ಕೈಯಲ್ಲಿ ಹಿಡಿದು ನಾನು ರಸ್ತೆಗೆ ನುಗ್ಗಿದ ರೀತಿ ನೋಡಿ ಒಂದು ಬಸ್ಸು ತಾನಾಗಿ ನಿಂತಿತು. ಡ್ರೈವರ್ ಏನೋ ಅಂದ. ನನಗೆ ಕೇಳಿಸಿಕೊಳ್ಳೋ ಪುರುಸೊತ್ತಿರಲಿಲ್ಲ.

ಎದುರು ಅಂಗಡಿಯವನು ಟೇಬಲ್ ಮೇಲೆ ಬಗ್ಗಿ ಅಕ್ಷರ ಕತ್ತರಿಸುತ್ತಿದ್ದ. ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸೋದು ಅವನ ಕಸುಬು. ಅದು ಹಳೇದಾದ ಮೇಲೆ ಕೀಳೋದು ನನ್ನ ಕಸುಬು, ರಸ್ತೆಯ ಈ ಕಡೆ, ನಮ್ಮಣ್ಣನ ಪೇಂಟಿಂಗ್ ಗ್ಯಾರೇಜಿನಲ್ಲಿ. ಬೀದಿಯವರೆಲ್ಲ ಅವನನ್ನ ಅಂಟು ಅಂತಾರೆ, ನನ್ನನ್ನ ಹೀಟರ್ ಅಂತಾರೆ. ಕೈಯಲ್ಲಿ ಸದಾ ಬಿಸಿಗಾಳಿ ಊದೋ ಹೀಟ್ ಗನ್ ಇರುತ್ತಲ್ಲ, ಅದಕ್ಕೆ ಅಂತ ನಾನು. ಮೂಗಿನ ತುದೀಲಿ ಸದಾ ಕೋಪ ಇರುತ್ತಲ್ಲ, ಅದಕ್ಕೆ ಅಂತ ಅತ್ತಿಗೆ.

"ಏನ್ರೀ ಇದು?" ಅಂತ ಸ್ಟಿಕ್ಕರನ್ನ ಅವನ ಟೇಬಲ್ ಮೇಲೆ ಬಿಸಾಕಿದೆ.

ಕನ್ನಡಕ ಹಾಕ್ಕೊಂಡು ನಗುತ್ತಿರೋ ಒಂದು ದೊಡ್ಡ ಹಲ್ಲು. ಹಲ್ಲಿನ ಡಾಕ್ಟರಮ್ಮನ ವ್ಯಾನಿನ ಎಡಬಾಗಿಲಿನದು. ಅಂಟು ಮೊದಲು ನನ್ನ ಕಣ್ಣು ನೋಡಿದ, ಆಮೇಲೆ ಕೆನ್ನೆ, ಕೆನ್ನೆ ಮೇಲೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಟೇಬಲ್ ಮೇಲಿನ ಹಲ್ಲು. ಮೂರು ವರ್ಷದಿಂದ ಇವನ ನೋಟ ಇದೇ ದಾರಿಯಲ್ಲಿ ಬರೋದು. ಕೆಲಸದ ಸರದಿ ಯಾವಾಗಲೂ ಕೊನೆಗೆ.

"ಕೆನ್ನೆ ಮೇಲೆ ಸ್ಟಿಕ್ಕರಿನ ಒಂದು ಚೂರು ಅಂಟ್ಕೊಂಡಿದೆ. ತೆಗೀಲಾ?"

"ಕೈ ಮುಂದೆ ಬಂದ್ರೆ ಮುರೀತೀನಿ. ತಿರುಗಿಸಿ ನೋಡಿ."

ತಿರುಗಿಸಿದ. ಹಿಂದುಗಡೆ ಅಂಗೈ ಅಗಲ ಬಿಳಿ ಬಣ್ಣ, ಹಾಲಿನ ಕೆನೆ ಥರ ಅಂಟ್ಕೊಂಡು ಬಂದಿತ್ತು. ಅವನ ತುಟಿ ಮೇಲಿದ್ದ ನಗು ಅಲ್ಲೇ ಇಂಗಿಹೋಯ್ತು.

ಸ್ಟಿಕ್ಕರ್ ಕೀಳೋದು ಅಂದ್ರೆ ಹಿಡಿದು ಎಳೆಯೋದು ಅಂದ್ಕೊಂಡಿರ್ತಾರೆ ಜನ. ಗನ್ನನ್ನ ಒಂದು ಗೇಣು ದೂರ ಹಿಡಿದು, ಎಲ್ಲೂ ನಿಲ್ಲಿಸದೆ ಆಡಿಸ್ತಾ ಇರಬೇಕು. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಮೂಲೆ ಎದ್ದ ಮೇಲೆ ಹಾಸಿಗೆ ಮಡಚಿದ ಹಾಗೆ ಅದರ ಮೇಲೇ ಮಡಚಿ, ನಿಧಾನಕ್ಕೆ ಹಿಂದಕ್ಕೆ ತರಬೇಕು. ಉಳಿದ ಗೋಂದಿಗೆ ಎಣ್ಣೆ ಹಚ್ಚಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಬ್ಲೇಡನ್ನ ನನ್ನ ಹತ್ತಿರ ಸುಳಿಯೋಕೂ ಬಿಡಲ್ಲ ನಾನು. ಒಂಬತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಗಾಡಿಯ ಬಣ್ಣವೂ ಎದ್ದಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದಿತ್ತು.

ಅಣ್ಣ ಬಂದು ನೋಡಿದ. ಬೈಯಲಿಲ್ಲ. ಅವನು ಬೈಯದೇ ಇದ್ದಾಗಲೇ ನನಗೆ ಅನುಮಾನ ಬಂದಿದ್ದು.

"ಹೀಟ್ ಜಾಸ್ತಿ ಆಯ್ತು ಅಂತ ಹೇಳ್ಬಿಡು" ಅಂದ.

"ಜಾಸ್ತಿ ಆಗಿಲ್ಲ ಅಣ್ಣ."

"ಗೊತ್ತು. ಆದ್ರೂ ಹೇಳು. ನಾಲ್ಕು ಗಂಟೆಗೆ ಡಾಕ್ಟರಮ್ಮ ಬರ್ತಾರೆ. ತಂಗಿ ಕೈ ತಪ್ತು ಅಂದ್ರೆ ಸುಮ್ಮನಾಗ್ತಾರೆ. ಗ್ಯಾರೇಜಿನ ಪೇಂಟೇ ಸರಿ ಇಲ್ಲ ಅಂದ್ರೆ ಊರೆಲ್ಲ ಟಾಂಟಾಂ ಆಗುತ್ತೆ. ನಾಳೆಯಿಂದ ನೀನು ಕೌಂಟರಲ್ಲಿ ಕೂತ್ಕೋ. ನಿಂಗೂ ಫ್ಯಾನ್ ಗಾಳಿ ಸಿಗುತ್ತೆ."

ಮೈಯೆಲ್ಲ ಉರಿದುಹೋಯ್ತು. ಈ ಕೈ ಬಿಟ್ಟರೆ ನನ್ನದು ಅಂತ ನನಗೆ ಬೇರೆ ಏನಿದೆ? ಅವನು ಆ ಕಡೆ ಹೋದ ಕೂಡಲೆ ಬಾಗಿಲಿನ ಅಂಚಿನ ರಬ್ಬರ್ ಎತ್ತಿ ನೋಡಿದೆ. ಟೇಪ್ ಹಾಕಿ ಮತ್ತೆ ಪೇಂಟ್ ಹೊಡೆದ ಗೆರೆ ಕಾಣಿಸಿತು. ಕಾರ್ಖಾನೆಯಿಂದಲೇ ಬಂದ ಕಂಪನಿ ಪೇಂಟ್ ಅಂತ ಹೇಳಿ ಅಣ್ಣ ನನಗೆ ಕೊಟ್ಟಿದ್ದ ಬಾಗಿಲು, ಹೋದ ವರ್ಷ ಅತ್ತಿಗೆ ಹೆರಿಗೆಗೆ ಅಂತ ನಾನು ರಜೆಯಲ್ಲಿದ್ದಾಗ ನಮ್ಮ ಗ್ಯಾರೇಜಿನಲ್ಲೇ ಬಣ್ಣ ಹೊಡೆಸಿಕೊಂಡಿತ್ತು. ಈ ವ್ಯಾನು ಹಿಂದೆ ನಮ್ಮಲ್ಲಿಗೆ ಬಂದಿದ್ದು ಆಗ ಒಂದೇ ಸಲ.

ಅದಕ್ಕೇ ನಾನು ರಸ್ತೆ ದಾಟಿದ್ದು.

"ಈ ಬಾಗಿಲಿಗೆ ಪೇಂಟ್ ಆದ ಎಷ್ಟನೇ ದಿನ ಸ್ಟಿಕ್ಕರ್ ಹಾಕಿದ್ರಿ?" ಅಂತ ಅಂಟುವನ್ನ ಕೇಳಿದೆ.

"ಮೂರನೇ ದಿನ."

ಹೊಸ ಪೇಂಟು ಮೇಲ್ಗಡೆ ಒಣಗಿದ ಹಾಗೆ ಕಂಡರೂ ಒಳಗೆ ಒಣಗೋಕೆ ವಾರಗಟ್ಟಲೆ ಬೇಕು. ಅಷ್ಟರೊಳಗೆ ಸ್ಟಿಕ್ಕರ್ ಬಿದ್ರೆ ಬಣ್ಣ ಬಾಗಿಲನ್ನ ಬಿಟ್ಟು ಸ್ಟಿಕ್ಕರನ್ನೇ ಹಿಡ್ಕೊಳ್ಳುತ್ತೆ. ಅಂಟಿಸೋರಿಗೆಲ್ಲ ಗೊತ್ತಿರೋ ಮೊದಲ ಪಾಠ ಇದು.

"ಗೊತ್ತಿರಲಿಲ್ವಾ?"

"ಗೊತ್ತಿತ್ತು. ಒಂದು ತಿಂಗಳು ಬಿಡಿ ಅಂದೆ ನಿಮ್ಮಣ್ಣನಿಗೆ. ಅವರಿಗೆ ಅರ್ಜೆಂಟ್. ಅಂಟಿಸೋದು ನಿನ್ನ ಕೆಲಸ, ಅಂಟಿಸು ಅಂದ್ರು."

"ಅಂಟಿಸಿಬಿಟ್ರಿ."

"ಹೂಂ."

"ಗೊತ್ತಿದ್ದೂ."

ಅವನು ಕತ್ತರಿ ಕೆಳಗಿಟ್ಟ. ಯಾವಾಗಲೂ ನನ್ನನ್ನ ನೋಡೋನು ಈಗ ಟೇಬಲ್ ನೋಡ್ತಾ ಮಾತಾಡಿದ.

"ನಂಗೆ ಬರೋ ಕೆಲಸ ಮುಕ್ಕಾಲು ಪಾಲು ನಿಮ್ಮ ಗ್ಯಾರೇಜಿಂದು. ಅದು ನಿಂತ್ರೆ ಅಂಗಡಿ ಬೇರೆ ಕಡೆ ಹಾಕ್ಬೇಕು. ಬೇರೆ ಕಡೆ ಹಾಕಿದ್ರೆ..."

"ಹಾಕಿದ್ರೆ?"

"ಅಲ್ಲಿಂದ ನೀವು ಕಾಣಲ್ಲ."

ಎಂಥ ಮನುಷ್ಯ ಇವನು. ಜಗಳಕ್ಕೆ ಬಂದವಳ ಕೈಗೆ ಇಂಥ ಮಾತು ಕೊಡ್ತಾರಾ ಯಾರಾದ್ರೂ? ಕೋಪ ಅಲ್ಲೇ ಇತ್ತು, ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತ್ಕೊಂಡಿತು. ಸುಳ್ಳು ಹೇಳೋದ್ಯಾಕೆ, ಅದು ಹೊಸದಾಗಿ ಬಂದಿದ್ದೂ ಅಲ್ಲ. ಬೆಳಿಗ್ಗೆ ಅವನ ಅಂಗಡಿ ಶಟರ್ ಏಳೋ ಸದ್ದು ಕೇಳೋವರೆಗೂ ನಾನು ಗನ್ನಿನ ಸ್ವಿಚ್ ಹಾಕ್ತಿರಲಿಲ್ಲ.

"ನನ್ನನ್ನ ನೋಡೋ ಆಸೆಗೆ ನನ್ನ ಕೈಗೇ ಕೆಟ್ಟ ಹೆಸರು ತಂದ್ರಲ್ಲ" ಅಂದೆ. "ಇಂಥ ಪ್ರೀತಿ ನಂಗೆ ಬೇಡ. ಬಾಯಿ ಇರೋ ಪ್ರೀತಿ ಇದ್ರೆ ಹೇಳಿ."

ಉತ್ತರಕ್ಕೆ ಕಾಯದೆ ವಾಪಸ್ ಬಂದೆ. ಕೆನ್ನೆ ಮೇಲಿನ ಚೂರನ್ನ ರಸ್ತೆ ಮಧ್ಯದಲ್ಲೇ ಕಿತ್ತು ಬಿಸಾಕಿದೆ.

ನಾಲ್ಕು ಗಂಟೆಗೆ ಸರಿಯಾಗಿ ಡಾಕ್ಟರಮ್ಮ ಬಂದರು. ಬಾಗಿಲ ಮೇಲೆ ಬಣ್ಣ ಎದ್ದ ಕಡೆ ಆಗಿದ್ದ ಬೂದು ಹೊಂಡವನ್ನ ಬಗ್ಗಿ ನೋಡಿದರು, ರೋಗಿಯ ಬಾಯಿ ನೋಡೋ ಹಾಗೆ. ಅಣ್ಣ ಕೈ ಹೊಸೆಯುತ್ತಾ ಶುರು ಮಾಡಿದ.

"ಮೇಡಂ, ಏನೂ ತಿಳ್ಕೋಬೇಡಿ. ನಮ್ಮ ತಂಗಿ ಸ್ವಲ್ಪ ಹೀಟ್ ಜಾಸ್ತಿ..."

"ಇಲ್ಲ ಮೇಡಂ" ಅಂದೆ. "ನನ್ನ ಕೈ ತಪ್ಪಿಲ್ಲ. ಈ ಬಾಗಿಲಿಗೆ ಇಲ್ಲೇ ಪೇಂಟ್ ಆಗಿತ್ತು. ಸರಿಯಾಗಿ ಒಣಗೋಕೆ ಬಿಡಲಿಲ್ಲ, ಮೂರನೇ ದಿನ ಸ್ಟಿಕ್ಕರ್ ಹಾಕಿದ್ರು. ಬೇಕಾದ್ರೆ ರಬ್ಬರ್ ಎತ್ತಿ ತೋರಿಸ್ತೀನಿ."

"ಬಾಯಿ ಮುಚ್ಚು" ಅಂದ ಅಣ್ಣ, ಹಲ್ಲು ಕಚ್ಚಿ.

"ಒಂಬತ್ತು ವರ್ಷ ಮುಚ್ಚಿದ್ದೆ ಅಣ್ಣ. ನಿನ್ನ ಎಲ್ಲ ಮಾತಿಗೂ ತಲೆ ಆಡಿಸಿದೀನಿ. ಈ ಒಂದಕ್ಕೆ ಆಡಿಸಲ್ಲ."

ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯ್ತು. ತಿರುಗಿ ನೋಡಬೇಕಾಗಿರಲಿಲ್ಲ, ಹೊಸ ಸ್ಟಿಕ್ಕರಿನ ವಾಸನೆ ಬಂತು.

"ಅಂಟಿಸಿದ್ದು ನಾನು ಮೇಡಂ" ಅಂದ ಅಂಟು. "ಬಣ್ಣ ಒಣಗಿಲ್ಲ ಅಂತ ಗೊತ್ತಿದ್ದೂ ಅಂಟಿಸಿದೆ. ಇವರ ತಪ್ಪು ಏನೂ ಇಲ್ಲ."

ಅಣ್ಣನ ಮುಖ ಕೆಂಪಾಯಿತು. "ನಿನ್ನನ್ನ ಯಾರೋ ಕರೆದದ್ದು? ಇನ್ನೊಂದು ಗಾಡಿ ಕಳಿಸಿದ್ರೆ ಕೇಳು ನಿನ್ನ ಅಂಗಡಿಗೆ."

"ಕಳಿಸಬೇಡಿ."

ಅಣ್ಣ ಅವನನ್ನ ನೋಡಿದ, ನನ್ನನ್ನ ನೋಡಿದ. "ಏನು ನಡೀತಿದೆ ನಿಮ್ಮಿಬ್ಬರ ಮಧ್ಯೆ?"

"ಮಧ್ಯಾಹ್ನದವರೆಗೂ ಏನೂ ಇರಲಿಲ್ಲ" ಅಂದೆ. "ಈಗ ಇದೆ."

ಪಕ್ಕದಲ್ಲಿ ಒಂದು ಉಸಿರು ನಿಂತು ಮತ್ತೆ ಶುರುವಾಯ್ತು. ನಾನು ಆ ಕಡೆ ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ, ಮಾತಿನ ಖಾರವೆಲ್ಲ ಇಳಿದುಹೋಗುತ್ತಿತ್ತು.

ಡಾಕ್ಟರಮ್ಮ ಕೆಮ್ಮಿದರು. "ನಿಮ್ಮ ಮನೆ ವಿಷಯ ಆಮೇಲೆ ಇತ್ಯರ್ಥ ಮಾಡ್ಕೊಳ್ಳಿ. ನಾನೂ ದಿನಾ ಕೀಳೋಳೇ. ಕೈ ತಪ್ಪಿದ್ದು ಯಾವುದು, ಬುಡವೇ ಹಾಳಾಗಿದ್ದು ಯಾವುದು ಅಂತ ನಂಗೆ ಗೊತ್ತಾಗುತ್ತೆ. ಈ ಬಾಗಿಲಿಗೆ ನೀವು ಮತ್ತೆ ಪೇಂಟ್ ಹೊಡೀರಿ, ಈ ಸಲ ಪೂರ್ತಿ ಒಣಗಲಿ" ಅಂತ ಅಣ್ಣನಿಗೆ ಹೇಳಿ ನನ್ನ ಕಡೆ ತಿರುಗಿದರು. "ಆ ಕಡೆ ಬಾಗಿಲಲ್ಲೂ ಒಂದು ಹಲ್ಲಿದೆ. ಅದನ್ನ ನೀವೇ ತೆಗೀಬೇಕು. ನಾನು ಇಲ್ಲೇ ಕೂತಿರ್ತೀನಿ."

"ತೆಗೀಲಿ" ಅಂದ ಅಣ್ಣ. "ಅದೇ ಕೊನೇದು. ನಾಳೆಯಿಂದ ಈ ಗ್ಯಾರೇಜಿಗೆ ಕಾಲಿಡಬೇಡ."

"ಇಡಲ್ಲ" ಅಂದೆ. ಗನ್ ಎತ್ತಿಕೊಂಡು ಆ ಕಡೆ ಬಾಗಿಲಿಗೆ ಹೋದೆ.

ಬಲಬಾಗಿಲು ಕಂಪನಿ ಪೇಂಟು. ಗನ್ ಆಡಿಸಿದೆ, ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದೆ, ಮೂಲೆ ಎಬ್ಬಿಸಿದೆ. ಎದ್ದ ತುದಿಯನ್ನ ಹಿಡ್ಕೊಳ್ಳೋಕೆ ಅಂಟು ಕೈ ಚಾಚಿದ, ನನ್ನ ಮುಖ ನೋಡ್ತಾ, ಬೈತೀನೇನೋ ಅಂತ ಅರ್ಧದಲ್ಲೇ ನಿಲ್ಲಿಸಿ. ನಾನು ಬೈಯಲಿಲ್ಲ.

"ಎಳೀಬೇಡ. ಮಡಚು" ಅಂದೆ. 'ನೀವು' ಅನ್ನೋದು ಯಾವಾಗ ಬಿಟ್ಟುಹೋಯ್ತೋ ತಿಳೀಲಿಲ್ಲ.

"ಹಿಂಗಾ?"

"ಇನ್ನೂ ನಿಧಾನ. ನಿನಗೆ ಅಂಟಿಸೋ ಅವಸರ ಜಾಸ್ತಿ."

"ಮೂರು ವರ್ಷ ಕಾದವನಿಗೆ ಅವಸರ ಅಂತೀಯಲ್ಲ."

ಹಲ್ಲು ಪೂರ್ತಿ ಎದ್ದು ಬಂತು. ಬಣ್ಣಕ್ಕೆ ಒಂದು ಗೀರಿಲ್ಲ. ಗೋಂದಿಗೆ ಎಣ್ಣೆ ಹಚ್ಚಿ ಇಬ್ಬರೂ ಒರೆಸಿದೆವು, ಒಂದೇ ಬಟ್ಟೆಯ ಎರಡು ತುದಿ ಹಿಡಿದು. ಅಣ್ಣ ಕೌಂಟರಿನಿಂದ ಕಣ್ಣು ತೆಗೆದಿರಲಿಲ್ಲ. ಅಂಟು ಬಗ್ಗಿ, ನನ್ನ ಕಿವಿಗೆ ಮಾತ್ರ ಕೇಳೋ ಹಾಗೆ, "ನಾಳೆ ನನ್ನ ಅಂಗಡಿಗೆ ಬಾ" ಅಂದ.

"ಕೆಲಸಕ್ಕಾ?"

"ಅರ್ಧ ಅಂಗಡಿ ನಿಂದು. ಗಾಡಿ ನಿಲ್ಲಿಸೋಕೆ ಜಾಗ ಸಾಲದಿದ್ರೆ ನನ್ನ ಟೇಬಲ್ ಹೊರಗೆ ಹಾಕ್ತೀನಿ."

"ಅಷ್ಟೇನಾ?"

"ಇನ್ನೊಂದಿದೆ."

"ಮತ್ತೆ ಪಿಸುಗುಟ್ಟೋದ್ಯಾಕೆ? ಜೋರಾಗಿ ಹೇಳು."

ಅವನು ಒಂದು ಸಲ ಅಣ್ಣನ ಕಡೆ ನೋಡಿದ, ಡಾಕ್ಟರಮ್ಮನ ಕಡೆ ನೋಡಿದ. ಆಮೇಲೆ ನೆಟ್ಟಗೆ ನಿಂತು, ರಸ್ತೆಯವರಿಗೂ ಕೇಳೋ ಹಾಗೆ ಹೇಳಿದ: "ನಿನ್ನ ಕಂಡ್ರೆ ನಂಗೆ ಇಷ್ಟ. ಕೋಪಾನೂ ಸೇರಿಸಿ ಇಷ್ಟ. ಮದುವೆ ಆಗ್ತೀಯಾ?"

"ಆಗ್ತೀನಿ" ಅಂತ ನಾನೂ ಅಷ್ಟೇ ಜೋರಾಗಿ ಹೇಳಿ, ಎಣ್ಣೆ ಕೈಯಲ್ಲೇ ಅವನ ಕೈ ಹಿಡ್ಕೊಂಡೆ. ಅಣ್ಣ ನೋಡ್ತಾ ಇದ್ದ. ನೋಡಲಿ ಅಂತಲೇ ಬಿಡಲಿಲ್ಲ.